ಗುರುತು ಮಾಯವಾಗುವವರೆಗೆ ಅಳೆಯಿರಿ ಎಂದವರಿಗೆ

ಹಿರಿಯರ ಆರೋಗ್ಯ ತಪಾಸಣಾ ವಿಭಾಗದ ಮಾನ್ಯ ನಿರ್ದೇಶಕರೇ,

ನಿಮ್ಮ ಒಂದು ಸಾಲಿನ ಆದೇಶದ ಕೃಪೆಯಿಂದ ನನ್ನ ಅಕ್ಕನ ಕಾಯಿಲೆ ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಅಷ್ಟರಲ್ಲಿ ಅವಳ ನೆನಪು ಕೈತಪ್ಪತೊಡಗಿತು. ತಪಾಸಣಾ ಕೇಂದ್ರದ ಗೋಡೆಯ ಮೇಲೆ ನಿಮ್ಮ ದಿವ್ಯ ಸಹಿಯ ಸಮೇತ ಆ ಆದೇಶ ಇವತ್ತಿಗೂ ರಾರಾಜಿಸುತ್ತಿದೆ: 'ರಕ್ತದೊತ್ತಡದ ಯಂತ್ರದಲ್ಲಿ ಹೃದಯದ ಗುರುತು ಮಿನುಗಿದಲ್ಲಿ ಸದರಿ ಅಳತೆಯನ್ನು ಕೈಬಿಟ್ಟು, ಗುರುತಿಲ್ಲದ ಅಳತೆ ಬರುವವರೆಗೆ ಪುನಃ ಅಳೆಯತಕ್ಕದ್ದು.' ಎದೆಬಡಿತ ಏರುಪೇರಾದಾಗ ಆ ಗುರುತು ಮಿನುಗುತ್ತದೆಂದು ಯಂತ್ರದ ಡಬ್ಬಿಯ ಮೇಲೆಯೇ ಅಚ್ಚಾಗಿದೆ. ಡಬ್ಬಿ ಓದುವಷ್ಟು ಬಿಡುವು ತಮಗೆಲ್ಲಿ?

ಅಕ್ಕ, ಭಾವ ಮತ್ತು ನಾನು ಒಂದೇ ಮನೆಯಲ್ಲಿದ್ದೇವೆ. ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿ ರಮ್ಮಿ ಆಡುವುದು ನಮ್ಮ ರೂಢಿ. ಅಕ್ಕ ಮೋಸಗಾರ್ತಿ. ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ಜೋಕರನ್ನು ತೊಡೆಯ ಕೆಳಗೆ ಸೇರಿಸಿ, ಯಾರು ಯಾವ ಎಲೆ ಎಸೆದರು, ಯಾರ ಕೈಯಲ್ಲಿ ಏನಿದೆ ಎಂಬುದನ್ನೆಲ್ಲ ತಲೆಯಲ್ಲಿಟ್ಟುಕೊಂಡು, ಸರಿಯಾದ ಗಳಿಗೆಗೆ ಅದನ್ನು ಹೊರತೆಗೆಯುತ್ತಿದ್ದಳು. ಹಿಡಿದರೆ, "ನಿನ್ ಕನ್ನಡಕ ಬದಲಾಯಿಸ್ಕೋ ಹೋಗೇ" ಎಂದು ನನ್ನ ಮೇಲೆಯೇ ಹರಿಹಾಯುತ್ತಿದ್ದಳು.

ಇಂಥವಳನ್ನು ನಿಮ್ಮ ಕೇಂದ್ರಕ್ಕೆ ಕರೆತಂದೆ. ತೋಳಿಗೆ ಪಟ್ಟಿ ಬಿಗಿದರು, ಗುರುತು ಮಿನುಗಿತು. ಮತ್ತೆ ಅಳೆದರು, ಮತ್ತೆ ಮಿನುಗಿತು.

"ಏನಮ್ಮಾ ಅದು?" ಎಂದೆ.

"ಯಂತ್ರದ್ದೇ ತರಲೆ ಅಮ್ಮಾ. ಅದು ಹೋಗೋವರೆಗೂ ನೋಡ್ಬೇಕು ಅಂತ ಮೇಲಿನವರ ಆರ್ಡರು" ಎಂದಳು ನರ್ಸು.

ಅಕ್ಕ ಕಿಸಕ್ಕನೆ ನಕ್ಕಳು. "ಗೆಲ್ಲೋವರೆಗೂ ಎಲೆ ಹಂಚ್ತಾನೇ ಇರ್ತಾರೆ ಕಣೇ ಇವ್ರು. ನನ್ನನ್ನೂ ಮೀರಿಸಿದ್ರು!"

ಕೊನೆಗೊಮ್ಮೆ ಗುರುತು ಬರಲಿಲ್ಲ. 'ಎಲ್ಲ ಸರಿಯಾಗಿದೆ' ಎಂಬ ಚೀಟಿ ಕೈಗೆ ಬಂತು, ನಾವೂ ನಂಬಿಕೊಂಡು ಮನೆಗೆ ಬಂದೆವು.

ಅದಾಗಿ ಒಂದೂವರೆ ವರ್ಷದ ಹೊತ್ತಿಗೆ ಅಕ್ಕ ಮೋಸ ಮಾಡುವುದನ್ನು ನಿಲ್ಲಿಸಿಬಿಟ್ಟಳು. "ಅಂತೂ ನಿಮ್ಮಕ್ಕಂಗೆ ಬುದ್ಧಿ ಬಂತಲ್ಲ" ಎಂದು ಭಾವ ಖುಷಿಪಟ್ಟರು. ನಾನು ಹೆದರಿದೆ. ಮೋಸ ಮಾಡಬೇಕಾದರೆ ನೆನಪು ಗಟ್ಟಿಯಾಗಿರಬೇಕು, ಸ್ವಾಮಿ. ನಿಮಗದು ಬೇರೆ ಹೇಳಬೇಕೆ? ನಿಮ್ಮದೇ ನೆನಪಿನ ಚಿಕಿತ್ಸಾಲಯಕ್ಕೆ ಓಡಿದೆ. "ಡಾಕ್ಟ್ರೇ, ಇವಳು ಮೋಸ ಮಾಡೋದು ಬಿಟ್ಬಿಟ್ಟಿದ್ದಾಳೆ" ಎಂದರೆ ಆ ಮಹಾನುಭಾವ, "ಒಳ್ಳೇದೇ ಆಯ್ತಲ್ಲಮ್ಮಾ, ವಯಸ್ಸಾಯ್ತು, ಮಾಗಿದಾರೆ" ಎಂದ. ಅವಳ ಕೈಯಲ್ಲಿ ಗಡಿಯಾರದ ಚಿತ್ರ ಬರೆಸಿದ, ನೂರರಿಂದ ಹಿಂದಕ್ಕೆ ಎಣಿಸಲು ಹೇಳಿದ, ಆದರೆ ಆ ಕೈಯ ನಾಡಿಯನ್ನು ಮಾತ್ರ ಮುಟ್ಟಲಿಲ್ಲ. ಯಾಕೆ ಮುಟ್ಟಬೇಕು? ನಿಮ್ಮ ಚೀಟಿಯಲ್ಲಿ ಎಲ್ಲ ಸರಿಯಾಗಿತ್ತಲ್ಲ!

ಕಡೆಗೆ ಬೇರೆ ಆಸ್ಪತ್ರೆಯ ವೈದ್ಯೆಯೊಬ್ಬರು ಮೊದಲು ಹಿಡಿದದ್ದೇ ಅವಳ ಮಣಿಕಟ್ಟನ್ನು. "ಬಡಿತ ಅಡ್ಡಾದಿಡ್ಡಿ ಇದೆ. ಹೀಗಾದಾಗ ರಕ್ತ ಎದೆಯಲ್ಲೇ ಹೆಪ್ಪುಗಟ್ಟಿ, ಸಣ್ಣ ಚೂರುಗಳು ಮೆದುಳಿಗೆ ಹೋಗಬಹುದು. ಎಷ್ಟೋ ಸಲ ಹೊರಗೆ ಗೊತ್ತೇ ಆಗಲ್ಲ, ಮರೆವು ಮಾತ್ರ ಹೆಚ್ಚುತ್ತೆ. ಇವರಿಗೆ ಇದೇ ಕಾರಣ ಅಂತ ಆಣೆ ಮಾಡಿ ಹೇಳಕ್ಕಾಗಲ್ಲ. ಮೊದಲೇ ಬಂದಿದ್ರೆ ಔಷಧಿ ಆಗಲೇ ಶುರು ಮಾಡ್ತಿದ್ದೆ" ಎಂದರು. 'ಆಣೆ ಮಾಡಿ ಹೇಳಕ್ಕಾಗಲ್ಲ' ಎಂಬ ಮಾತಿಗೆ ನೀವು ಜೋತುಬೀಳುತ್ತೀರೆಂದು ನನಗೆ ಗೊತ್ತು. ಬೀಳಿ. ನಾವು ಮೊದಲೇ ಬಂದಿದ್ದೆವು, ನಿಮ್ಮ ಬಳಿಗೇ ಬಂದಿದ್ದೆವು. ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ಈಗ ಔಷಧಿ ನಡೆಯುತ್ತಿದೆ. ಹೋದದ್ದು ಮರಳುವ ಭರವಸೆಯಿಲ್ಲ, ಉಳಿದದ್ದನ್ನು ಕಾಯಬೇಕಂತೆ. ನಿನ್ನೆ ಆಟದ ನಡುವೆ ಅಕ್ಕ ಮೆಲ್ಲಗೆ ಒಂದು ಎಲೆಯನ್ನು ತೊಡೆಯ ಕೆಳಗೆ ಸೇರಿಸಿದಳು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅದನ್ನು ತೆಗೆಯಲಿ ಎಂದು ಬೇಕೆಂತಲೇ ಆಟವನ್ನು ಎಳೆದೆ. ಅವಳು ತೆಗೆಯಲೇ ಇಲ್ಲ. ಆಟ ಮುಗಿದು ಅವಳು ಎದ್ದಾಗ ಚಾಪೆಯ ಮೇಲೆ ಜೋಕರ್ ಬಿದ್ದಿತ್ತು.

"ಇದ್ಯಾರು ಬಚ್ಚಿಟ್ಟಿದ್ದು?" ಎಂದಳು.

ಭಾವ ಎಲೆಗಳನ್ನು ಕೂಡಿಸತೊಡಗಿದರು.

"ನಾನೇ ಕಣೇ ಅಕ್ಕಾ" ಎಂದೆ.

"ಮೋಸಗಾರ್ತಿ!" ಎಂದು ಬಾಯ್ತುಂಬ ನಕ್ಕಳು.

ನಿರ್ದೇಶಕರೇ, ಗೋಡೆಯ ಆ ಹಾಳೆಯನ್ನು ನಿಮ್ಮ ಕೈಯಾರೆ ಹರಿಯಿರಿ. ಗುರುತು ಕಂಡವರ ನಾಡಿ ಹಿಡಿಸಿ, ಹೃದಯದ ವೈದ್ಯರ ಬಳಿಗೆ ಕಳಿಸಿ. ಗುರುತು ಮಾಯವಾಗುವವರೆಗೆ ಅಳೆಸಿಕೊಂಡು ಮನೆಗೆ ಹೋದ ಪ್ರತಿಯೊಬ್ಬರನ್ನೂ ವಾಪಸ್ಸು ಕರೆಯಿರಿ. ಬೇಗ ಕರೆಯಿರಿ, ಅವರಿಗೆ ಮನೆಯವರ ಗುರುತು ಸಿಗುತ್ತಿರುವಾಗಲೇ.

ಇಂತಿ,
ಅಕ್ಕನ ಮೋಸವನ್ನು ತನ್ನದೆಂದು ಒಪ್ಪಿಕೊಂಡ,
ನಿಮ್ಮದನ್ನು ಒಪ್ಪಿಕೊಳ್ಳಲಾರದ
ಒಬ್ಬ ತಂಗಿ