ಹುಣಸೆ ಜಗಲಿಯ ದೊರೆಸಾನಿ

ಅತ್ತೆ,

ಓದಲು ಬಾರದ ನಿಮಗೆ ಕಾಗದ ಬರೆಯುತ್ತಿದ್ದೇನೆ. ನೀವಿದ್ದಾಗ ಬಂದ ಕಾಗದಗಳನ್ನೆಲ್ಲ ನಾನೇ ಓದಿ ಹೇಳುತ್ತಿದ್ದೆ. ಇದನ್ನೂ ಹಾಗೆಯೇ ಕೇಳಿಸಿಕೊಳ್ಳಿ. ನೀವು ಹೋಗಿ ಒಂದು ತಿಂಗಳಾಯಿತು. ನಾನಿನ್ನೂ ಅತ್ತಿಲ್ಲ. ಅಳದ ಸೊಸೆಯನ್ನು ಊರವರು ನೋಡಿದರು, ನಾನೂ ನನ್ನನ್ನು ನೋಡಿಕೊಂಡೆ. ಒಳಗೆ ಏನೂ ಇರಲಿಲ್ಲ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ.

ಮೂರು ವರ್ಷದ ಹಿಂದೆ ನೀವು ಯಾರ ಕೈಲೋ ಬರೆಸಿ ಸೇಲಂಗೆ ಕಳಿಸಿದ ಕಾಗದ ನೆನಪಿದೆಯೆ? ಮಂಡಿ ನೋವು, ಎದ್ದು ಓಡಾಡಲು ಆಗುತ್ತಿಲ್ಲ, ಸೊಸೆಯನ್ನು ಕಳಿಸು. ನಿಮ್ಮ ಮಗ ಅದನ್ನು ಓದಿ ನನ್ನ ಮುಂದೆ ಇಟ್ಟು ಹೋದರು. ಅವರು ನನ್ನೊಡನೆ ಮಾತು ಬಿಟ್ಟು ಆಗ ನಾಲ್ಕು ತಿಂಗಳಾಗಿತ್ತು. ಸ್ನೇಹಿತರ ಎದುರು ಅವರು ಹೇಳಿದ ಒಂದು ಮಾತನ್ನು ನಾನು ಸರಿಯಲ್ಲ ಎಂದಿದ್ದೆ, ಅಷ್ಟೇ. ಅವರು ಒಂದು ಏಟು ಹಾಕಿದವರಲ್ಲ, ಒಂದು ಕೆಟ್ಟ ಮಾತು ಆಡಿದವರಲ್ಲ. ಮಾತೇ ಆಡದವರ ಮೇಲೆ ಯಾರ ಹತ್ತಿರ ಏನೆಂದು ದೂರುವುದು? ಅದೂ ನಾನೇ ಆರಿಸಿಕೊಂಡವರು. ಅಪ್ಪ ಮೂರು ಗಂಡುಗಳ ವಿಷಯ ಹೇಳಿ ‘ನೀನೇ ಹೇಳಮ್ಮ’ ಎಂದಿದ್ದರು. ಇಂಗ್ಲಿಷ್ ಶಾಲೆಯಲ್ಲಿ ಓದಿದ ಹುಡುಗಿ, ನನ್ನ ಬುದ್ಧಿಯ ಮೇಲೆ ನನಗೆ ಎಷ್ಟು ನಂಬಿಕೆ...

ರಾಯಕೋಟೆಯಲ್ಲಿ ಬಸ್ಸಿಳಿದು ಮನೆಗೆ ಬಂದರೆ, ನೀವು ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬಾವಿಯಿಂದ ಬರುತ್ತಿದ್ದಿರಿ.

‘ಮಂಡಿ ನೋವು ಅಂತ ಬರೆಸಿದ್ದಿರಲ್ಲ ಅತ್ತೆ?’

‘ಬತ್ತದೆ, ಹೋಯ್ತದೆ. ನೀನ್ ಒಳೀಕ್ ನಡಿ.’

ನಾನು ಮುಂದೆ ಕೇಳಲಿಲ್ಲ. ಯಾಕೆ ಕೇಳಲಿಲ್ಲ?

ಈ ವರ್ಷ ಹುಣಸೆ ಬಂದಾಗ ಜಗಲಿಯ ತುಂಬ ರಾಶಿ. ನೀವೂ ಪಕ್ಕದ ಮನೆ ತಿಮ್ಮಕ್ಕನೂ ಕಲ್ಲಿನ ಮೇಲೆ ಕುಟ್ಟಿ, ನಾರು ಎಳೆದು, ಬೀಜ ಬಿಡಿಸುತ್ತಿದ್ದಿರಿ. ನಾನು ಕೈ ಹಾಕಲು ಬಂದರೆ ಬಿಡಲಿಲ್ಲ. ‘ಅಂಟು ಕೈಲಿ ಪುಸ್ತ್ಕ ಮುಟ್ಟಕಾಯ್ತದಾ? ನಿನ್ ಕೈ ಪುಸ್ತ್ಕುಕ್ಕೆ, ನಮ್ ಕೈ ಹುಣ್ಸೇಗೆ. ಏನಾನ ಓದು.’ ನನ್ನ ಟ್ರಂಕಿನಲ್ಲಿದ್ದುದು ಶಾಲೆಯಲ್ಲಿ ಬಹುಮಾನ ಬಂದ ಒಂದೇ ಒಂದು ಇಂಗ್ಲಿಷ್ ಕಾದಂಬರಿ. ತನ್ನ ಬುದ್ಧಿಯಿಂದಲೇ ಬದುಕುತ್ತೇನೆಂದು ಹೊರಟ ಹೆಣ್ಣೊಬ್ಬಳು ತಾನೇ ಮೆಚ್ಚಿ ಮದುವೆಯಾಗಿ, ಆ ಮನೆಯಲ್ಲಿ ಉಸಿರು ಕಟ್ಟುವ ಕತೆ. ಹದಿನೇಳರಲ್ಲಿ ನಾನು ಅದನ್ನು ಅರ್ಧಕ್ಕೇ ಬಿಟ್ಟಿದ್ದೆ. ಮದುವೆಯಾಯಿತೆಂದರೆ ಕತೆ ಮುಗಿಯಿತು ಎಂದುಕೊಳ್ಳುವ ವಯಸ್ಸು. ಅವಳ ಹೆಸರು ನಿಮ್ಮ ನಾಲಿಗೆಗೆ ಬರಲಿಲ್ಲ. ‘ಆ ದೊರೆಸಾನಿ’ ಎಂದಿರಿ, ಅದೇ ಉಳಿಯಿತು. ‘ನಿಮ್ ಸೊಸೆ ಕತೆ ಕೇಳ್ತಾ ಕೇಳ್ತಾ ಬೀಜಾನೂ ಹಣ್ಣಿಗೇ ಹಾಕ್ಬುಟ್ಟೆ ಕಣಕ್ಕೋ’ ಎಂದು ತಿಮ್ಮಕ್ಕ ನಗುತ್ತಿದ್ದಳು.

ಆದರೆ ನಾನು ಒಂದು ತಪ್ಪು ಮಾಡಿದೆ. ಕತೆಯ ಗಂಡ ಹೆಂಡತಿಯೊಡನೆ ಮಾತು ಬಿಡುವ ಭಾಗ ಬಂತು. ಎದುರಿಗೆ ಕೂತವರು ನೀವು, ನನ್ನ ಗಂಡನ ತಾಯಿ. ನನಗೆ ಅದನ್ನು ಹಾಗೆಯೇ ಕನ್ನಡದಲ್ಲಿ ಹೇಳಲು ಬಾಯಿ ಬರಲಿಲ್ಲ. ‘ಅವನಿಗೆ ಗಂಟಲು ನೋವು, ಮಾತಾಡಲು ಆಗುತ್ತಿಲ್ಲ’ ಎಂದುಬಿಟ್ಟೆ. ಮಾರನೆಯ ದಿನವೂ ಗಂಟಲು ನೋವು. ಅದರ ಮಾರನೆಯ ದಿನವೂ.

‘ಆ ಸೀಮೇಲಿ ಡಾಕ್ಟ್ರೇ ಇಲ್ವಾ?’ ಎಂದಳು ತಿಮ್ಮಕ್ಕ.

ನೀವು ತಲೆ ಎತ್ತಲಿಲ್ಲ. ಒಂದು ಕಾಯಿ ಕುಟ್ಟಿ, ಬೀಜ ತೆಗೆದು ಪಕ್ಕಕ್ಕೆ ಹಾಕಿದಿರಿ. ‘ನನ್ ಮಗನ್ಗೂ ಅದೇ ಗಂಟ್ಲು ನೋವು ಕಣಮ್ಮಿ. ಅವ್ರಪ್ಪನ್ಗೂ ಇತ್ತು. ನೀನು ಇದ್ದಿದ್ದನ್ನ ಇದ್ದಂಗೆ ಓದು.’

ಆವತ್ತು ನಿಮ್ಮನ್ನು ಸರಿಯಾಗಿ ನೋಡಿದೆ. ಒಂದು ಕಾಲು ಮಡಿಚಿ, ಇನ್ನೊಂದು ಮಂಡಿ ಎತ್ತಿ, ಬೆಳಗಿನಿಂದ ಕೂತೇ ಇದ್ದಿರಿ. ಆ ಮಂಡಿಗೆ ಎಂದೂ ಯಾವ ನೋವೂ ಬಂದಿರಲಿಲ್ಲ.

ಆಮೇಲೆ ಇದ್ದದ್ದನ್ನು ಇದ್ದ ಹಾಗೆಯೇ ಓದಿದೆ. ಹುಣಸೆ ಮುಗಿಯುವ ಮೊದಲೇ ನಿಮಗೆ ಜ್ವರ ಬಂತು. ಪುಸ್ತಕದಲ್ಲಿ ಇನ್ನು ಎರಡೇ ಅಧ್ಯಾಯ ಉಳಿದಿತ್ತು. ಅಲ್ಲಿ ಒಂದು ಹುಣಸೆ ನಾರು ಇಟ್ಟು ಮುಚ್ಚಿದ್ದೆ. ದೊರೆಸಾನಿ ಗಂಡನ ಮನೆಯಿಂದ ದೂರ ಬಂದಿದ್ದಳು. ‘ವಾಪಸ್ ಹೋಯ್ತಾಳಾ?’ ಎಂದು ಕೇಳಿದಿರಿ. ನಾಳೆ ಓದುತ್ತೇನೆ ಎಂದೆ. ಆ ನಾಳೆ...

ತಿಥಿ ಮುಗಿದ ಮಧ್ಯಾಹ್ನ ಉಳಿದದ್ದನ್ನು ಜಗಲಿಯಲ್ಲಿ ಒಬ್ಬಳೇ ಓದಿದೆ. ಹೋಗುತ್ತಾಳೆ, ಅತ್ತೆ. ಯಾಕೆಂದು ಬರೆದವರು ಬಿಡಿಸಿ ಹೇಳುವುದಿಲ್ಲ. ಕೊಟ್ಟ ಮಾತಿಗೋ, ತನ್ನ ಆಯ್ಕೆ ತಪ್ಪೆಂದು ಒಪ್ಪಿಕೊಳ್ಳುವ ನಾಚಿಕೆಗೋ? ನೀವು ಇದ್ದಿದ್ದರೆ ನಾನು ಇದನ್ನು ಇದ್ದ ಹಾಗೆ ಓದುತ್ತಿದ್ದೆನೆ? ಗೊತ್ತಿಲ್ಲ. ಪುಸ್ತಕ ಮುಚ್ಚಿದೆ. ಸಿಟ್ಟೂ ಬರಲಿಲ್ಲ. ಸೇಲಂನಿಂದ ಬಂದಿದ್ದ ನಿಮ್ಮ ಮಗ ಒಳಗಿನಿಂದ ಹೊರಗೆ ಬಂದು, ಮೂರು ವರ್ಷದಲ್ಲಿ ಮೊದಲನೆಯ ಮಾತು ಆಡಿದರು: ‘ನಾಳೆ ಬೆಳಿಗ್ಗೆ ಬಸ್ಸು. ಮನೆಗೆ ಬೀಗ ಹಾಕು.’

ಬೀಗ ಹಾಕಿದೆ. ಟ್ರಂಕು ಹಿಡಿದು ಅವರ ಹಿಂದೆ ನಡೆದೆ. ಯುದ್ಧ ಮುಗಿದರೂ ಪೆಟ್ರೋಲ್ ಸಿಗದೆ ನಮ್ಮದು ಇನ್ನೂ ಇದ್ದಿಲ ಗ್ಯಾಸಿನ ಬಸ್ಸೇ. ಬಸ್ಸಿನ ಹಿಂದಿನ ಒಲೆ ಕಾಯುವ ತನಕ ಹೊರಡುವುದಿಲ್ಲ. ಅವರು ಹತ್ತಿ ಕೂತರು. ನಾನು ಕೆಳಗೆ ನಿಂತು ಆ ಒಲೆ ನೋಡುತ್ತಿದ್ದೆ. ‘ಏರುಂಗಮ್ಮಾ, ಏರುಂಗೊ’ ಎಂದು ಕಂಡಕ್ಟರು ತಮಿಳಿನಲ್ಲಿ ಹತ್ತಲು ಕೂಗಿದ. ಮೆಟ್ಟಿಲ ಮೇಲೆ ಕಾಲಿಟ್ಟೆ. ಮಂಡಿ ನೋವು ಎನ್ನಲೇ ಎಂದುಕೊಂಡೆ. ಬಾಯಿಯವರೆಗೂ ಬಂತು. ಆದರೆ ಇದ್ದದ್ದನ್ನು ಇದ್ದ ಹಾಗೆ ಎಂದು ನೀವು ಹೇಳಿದ್ದಿರಿ.

ಕಾಲು ಕೆಳಗಿಟ್ಟು ‘ನಾನು ಬರುವುದಿಲ್ಲ,’ ಎಂದೆ. ‘ಕಾಲು ಚೆನ್ನಾಗಿದೆ. ಬರಲು ಇಷ್ಟವಿಲ್ಲ.’

ನಿಮ್ಮ ಮಗ ಕಿಟಕಿಯಾಚೆ ನೋಡಿದರು. ಅದೇ ಗಂಟಲು ನೋವು. ಬಸ್ಸು ಹೊರಟಿತು.

ಬೀಗದ ಕೈ ನನ್ನ ಸೆರಗಿನಲ್ಲೇ ಇತ್ತು. ಈ ಮನೆ ಅವರದು; ಎಷ್ಟು ದಿನ ಇರಲು ಬಿಡುತ್ತಾರೋ ತಿಳಿಯದು. ನೀವು ಬಿಟ್ಟುಹೋದ ಹುಣಸೆ ಇನ್ನೂ ಎರಡು ಮೂಟೆಯಿದೆ. ಇವತ್ತು ತಿಮ್ಮಕ್ಕ ಬಂದು ಕೂತು, ‘ಪುಸ್ತ್ಕ ಎಲ್ಲಿ, ಅಕ್ಕೋ? ದೊರೆಸಾನಿ ಏನಾದ್ಲು?’ ಎಂದು ಕೇಳಿದಳು. ಅವಳು ವಾಪಸ್ ಹೋದಳು ಎಂದೆ. ನಂತರ ಸೆರಗು ಸಿಕ್ಕಿಸಿ, ಒಂದು ಕಾಲು ಮಡಿಚಿ, ಒಂದು ಮಂಡಿ ಎತ್ತಿ, ನಿಮ್ಮ ಜಾಗದಲ್ಲಿ ಕೂತೆ. ಈ ಕಾಗದದ ಅಂಚಿನಲ್ಲಿ ಅಂಟಿರುವುದು ಪುಸ್ತಕ ಹಿಡಿದ ಅದೇ ಕೈಯ ಹುಣಸೆ.

ನಿಮ್ಮ ಸೊಸೆ