ಉದ್ದ ಹಿಡಿಯ ಪಾನಾ

ತಮ್ಮ ನಿಂಗಾಚಾರಿಗೆ,

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವ ಹಾಗಿಲ್ಲ. ನೀನು ತೀರಿಕೊಂಡು ಹನ್ನೊಂದು ತಿಂಗಳಾಯಿತು. ರೇಡಿಯೇಟರ್ ಮುಚ್ಚಳ ತೆಗೆಯೋಕೆ ಬೇಕು ಅಂತ ನೀನು ಕೇಳುತ್ತಲೇ ಇದ್ದ ಉದ್ದ ಹಿಡಿಯ ಪಾನಾವನ್ನು ಮೊನ್ನೆ ಮಾಡಿದೆ ಕಣಪ್ಪ. ಹಳೇ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ತುದಿಗೆ ಎರಡು ಕೊಕ್ಕೆ ಬಗ್ಗಿಸಿದೆ. ಬಿಸಿನೀರು ಮುಖಕ್ಕೆ ಹಾರದಂತೆ ಮೇಲೊಂದು ತಗಡು ಬೆಸೆದೆ.

ಇವತ್ತು ಚಿನಕುರಳಿ ಕಡೆಯ ಜಲ್ಲಿ ಲಾರಿಯೊಂದು ಹೊಗೆಯಾಡುತ್ತಾ ನಮ್ಮ ಕಿಕ್ಕೇರಿ ಅಂಗಡಿಗೆ ಬಂತು. ರೇಡಿಯೇಟರ್ ಮುಚ್ಚಳದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ. ಚುಂಯ್ ಅನ್ನಲಿಲ್ಲ. ಅಪ್ಪ ಕುಲುಮೆಯಲ್ಲಿ ಕಲಿಸಿದ ಪ್ರಕಾರ ಅದು ಮುಟ್ಟಬಹುದಾದ ಕಬ್ಬಿಣ. ಆದರೂ ದೂರ ನಿಂತು ಪಾನಾ ಕೊಟ್ಟು ತಿರುಗಿಸಿದೆ. ಕುದಿನೀರು ತಗಡಿಗೆ ಬಡಿದು ನೆಲಕ್ಕೆ ಸುರಿಯಿತು.

"ಅಬ್ಬಬ್ಬಾ! ಕೈಯಾಗೇನಾರ ತೆಗೆದಿದ್ರೆ ಬೆಂದೋಗ್ತಿದ್ಯಲ್ಲ ಆಚಾರಣ್ಣ!" ಅಂದ ಡ್ರೈವರ್.

ನೀನು ಬೆಂದ ದಿನವೂ ಮುಚ್ಚಳ ಚುಂಯ್ ಅನ್ನಲಿಲ್ಲ. ನೀನು ಹಿಂಜರಿದಾಗ, "ಕುಲುಮೆ ಮನೇಲುಟ್ಟಿ ಬಿಸಿಗೆ ಎದರ್ಕೊತೀಯೇನ್ಲಾ? ತೆಗಿ" ಅಂದವನು ನಾನು. ಆಸ್ಪತ್ರೆಯಲ್ಲಿ ಒಂಬತ್ತು ದಿನ ಮಲಗಿದ್ದರೂ ನೀನದನ್ನು ನಿನ್ನ ಹೆಂಡತಿ ಮೂಗಮ್ಮನಿಗೆ ಹೇಳಲಿಲ್ಲ. ನಾನೂ ಹೇಳಿಲ್ಲ.

ಲಾರಿ ಹೋದ ಮೇಲೆ ಮೂಗಮ್ಮ ಕಾಫಿ ತಂದಳು. ಪಾನಾ ಎತ್ತಿ, ತಗಡನ್ನೂ ಕೊಕ್ಕೆಯನ್ನೂ ತಿರುಗಿಸಿ ತಿರುಗಿಸಿ ನೋಡಿದಳು.

"ಅವ್ರು ಕೇಳ್ತಿದ್ದಿದ್ದು ಇದನ್ನೇ ಅಲ್ವಾ? ಇದ ಮಾಡಾಕೆ ಎಷ್ಟೊತ್ತು ಇಡೀತು, ಬಾವ?"

"ಅರ್ಧ ದಿನ ಕಣವ್ವ."

ಪಾನಾವನ್ನು ಮೆಲ್ಲಗೆ ಕೆಳಗಿಟ್ಟಳು. ನನಗೆಂದು ತಂದ ಕಾಫಿ ಲೋಟವನ್ನು ತೆಗೆದುಕೊಂಡು ಒಳಗೆ ಹೋದಳು.

ನಿನ್ನ ಅಣ್ಣಯ್ಯ