ಹಿಂದಿನ ಸೀಟಿನ ಕಾಫಿ ಲೋಟ

ಚಾಮರಾಜಪೇಟೆ
೧೨ ಜನವರಿ ೨೦೨೬

ಪ್ರೀತಿಯ ಶಿವಕುಮಾರಿ,

ಶರಣು. ನಿನ್ನ ಕಾಗದ ಬಂದು ಎರಡು ವಾರವಾಯಿತು. ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮಂಡಿನೋವು ಅಂತ ಬರೆಯಬಹುದಿತ್ತು, ಆದರೆ ಸುಳ್ಳಾಗುತ್ತದೆ. ಕಾಗದ ಓದಿ ಹೊಟ್ಟೆ ಉರಿಯಿತು, ಅದಕ್ಕೇ ಬರೆಯಲಿಲ್ಲ. ನಿನ್ನ ಕಣ್ಣಿನ ಆಪರೇಷನ್ ಸುಸೂತ್ರವಾಯಿತೆಂದು ತಿಳಿದು ಸಮಾಧಾನವಾಯಿತು. ಅದೂ ನಿಜವೇ.

ಇಲ್ಲಿ ಮನೆ ತುಂಬ ಹಳೆಯ ಸಂಚಿಕೆಗಳು ಹರಡಿಕೊಂಡಿವೆ. ನಮ್ಮ ಕಾರು ಪತ್ರಿಕೆ ‘ಗಾಲಿಮಾತು’ ಮೂವತ್ತು ವರ್ಷ ನಡೆದು ಮುಂದಿನ ತಿಂಗಳು ನಿಲ್ಲುತ್ತಿದೆಯಲ್ಲ, ನಮ್ಮ ಯಜಮಾನರು ಕೊನೆಯ ಸಂಚಿಕೆಗೆ ಪತ್ರಿಕೆಯ ಚರಿತ್ರೆ ಬರೆಯುತ್ತಿದ್ದಾರೆ. ಮೊದಲ ಸಂಚಿಕೆಯಲ್ಲಿ ಕಾಟನ್‌ಪೇಟೆಯ ಪ್ರೆಸ್ಸಿನವರು ‘ಗಾಳಿಮಾತು’ ಎಂದು ಅಚ್ಚು ಹಾಕಿದ್ದು, ನಾವು ಮೂವರೂ ಕೂತು ಐನೂರು ಪ್ರತಿಯನ್ನೂ ಪೆನ್ನಿನಲ್ಲಿ ತಿದ್ದಿದ್ದು, ಎಲ್ಲ ಬಂದಿದೆ. ಹಳೆ ಫಿಯೆಟ್ಟಿನ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂಬ ಪುಟ, ಓದುಗರ ಪ್ರಶ್ನೆ, ರಿಪೇರಿಯ ಪಾಠ, ಇವೆಲ್ಲ ಇವರದು. ಆದರೆ ಜನ ಮೊದಲು ತೆರೆಯುತ್ತಿದ್ದದ್ದು ಕೊನೆಯ ಪುಟ, ನಿನ್ನ ‘ಹಿಂದಿನ ಸೀಟಿನಿಂದ’. ಇವರು ಹೊಸ ಕಾರು ಓಡಿಸುವುದು, ನೀನು ತುಂಬಿದ ಕಾಫಿ ಲೋಟ ಹಿಡಿದು ಹಿಂದೆ ಕೂರುವುದು, ಎಷ್ಟು ಹನಿ ಚೆಲ್ಲಿತೆಂದು ಬರೆಯುವುದು. ‘ಎಷ್ಟು ಹನಿ?’ ಎಂದು ಕೇಳದೆ ನಮ್ಮ ಬೀದಿಯಲ್ಲಿ ಯಾರೂ ಕಾರು ಕೊಂಡಿಲ್ಲ.

ಹೋದ ವಾರ ನಮ್ಮ ಹಳೆಯ ಚಂದಾದಾರರು ನರಸಿಂಹಯ್ಯ ಬಂದಿದ್ದರು. ನಾನು ಕೊಟ್ಟ ಕಾಫಿ ಕುಡಿದು, ಶಿವಕುಮಾರಿಯವರು ಇಲ್ಲದಿದ್ದರೆ ಪತ್ರಿಕೆಯೇ ಇರುತ್ತಿರಲಿಲ್ಲ ಅಂದರು. ಇವರು ಹೌದೆಂದು ತಲೆಯಾಡಿಸಿದರು. ಆ ಲೋಟಕ್ಕೆ ಮೂವತ್ತು ವರ್ಷ ಕಾಫಿ ಬೆರೆಸಿದವಳು ಅಲ್ಲೇ ನಿಂತಿದ್ದೆ. ನಿಮ್ಮಿಬ್ಬರ ಬಗ್ಗೆ ಬೀದಿಯವರ ಗಾಳಿಮಾತನ್ನು ನಾನೆಂದೂ ನಂಬಿದವಳಲ್ಲ. ನನ್ನ ಹೊಟ್ಟೆಕಿಚ್ಚು ಅದಕ್ಕಲ್ಲ, ಆ ಸೀಟಿಗೆ.

ಈಗ ನೀನು ಬರೆದಿದ್ದೀಯ, ಹದಿನೆಂಟನೇ ತಾರೀಖು ಭಾನುವಾರ ಕೊನೆಯ ಸವಾರಿ, ಮುಖಪುಟಕ್ಕೆ ನಿನ್ನ ಫೋಟೊ, ‘ಗಿರಿಜಾ, ಆ ಹಳೇ ಲೋಟಾನೂ ಫ್ಲಾಸ್ಕಲ್ಲಿ ಕಾಫೀನೂ ಕಳಿಸ್ಬಿಡೇ’ ಎಂದು. ಅದು ನನ್ನ ತವರಿನ ಲೋಟ ಕಣೇ, ಅಮ್ಮ ನನ್ನ ಹೆಸರು ಕೊರೆಸಿ ಕೊಟ್ಟದ್ದು. ನಿನ್ನೆ ಕನ್ನಡಕ ಹಾಕಿಕೊಂಡು ಹಳೆಯ ಫೋಟೊಗಳನ್ನೆಲ್ಲ ನೋಡಿದೆ. ಒಂದರಲ್ಲೂ ಹೆಸರು ಕಾಣುವುದಿಲ್ಲ, ನಿನ್ನ ಬೆರಳು ಮುಚ್ಚಿದೆ. ಬೇಕೆಂದು ಮಾಡಿದ್ದಲ್ಲ, ಗೊತ್ತು. ಗೊತ್ತಿದ್ದರೂ ಉರಿಯುತ್ತದೆ.

ನಾನೂ ಒಮ್ಮೆ ಕೂತಿದ್ದೆ, ನೆನಪಿದೆಯಾ? ಮೊದಲ ಸಂಚಿಕೆಗೆ ಲೋಟ ಹಿಡಿದು ಹೊರಟವಳು ನಾನು. ನೀನು ಸುಮ್ಮನೆ ಜೊತೆಗೆ ಬಂದಿದ್ದೆ. ಕೆಂಗೇರಿ ದಾಟುವ ಮೊದಲೇ ನನಗೆ ವಾಂತಿ. ನೀನು ಲೋಟ ಇಸಿದುಕೊಂಡು, ನನ್ನ ಬೆನ್ನು ಸವರಿ, ‘ಪಾಪ, ಗಿರಿಜಂಗೆ ಕಾರು ಆಗಲ್ಲ’ ಅಂದೆ. ಆ ಮಾತು ಹಾಗೇ ನಿಂತುಬಿಟ್ಟಿತು. ಕಾರು ಪತ್ರಿಕೆಯ ಸಂಪಾದಕರ ಹೆಂಡತಿ ಅಂದಿನಿಂದ ಮದುವೆ ಮನೆಗಳಿಗೆಲ್ಲ ಬಸ್ಸಿನಲ್ಲೇ ಹೋದಳು.

ಆದ್ದರಿಂದ ಲೋಟ ಕಳಿಸುವುದಿಲ್ಲ. ಭಾನುವಾರ ಹಿಂದಿನ ಸೀಟಿನಲ್ಲಿ ನಾನೇ ಕೂರುತ್ತೇನೆ. ಇವರಿಗೆ ಹೇಳಿದರೆ, ‘ನಿಂಗೆ ಆಗಲ್ವಲ್ಲೇ’ ಅಂದರು. ಏಳು ಗಂಟೆಗೆ ಕಾರು ಶೇಷಾದ್ರಿಪುರದ ನಿನ್ನ ಮನೆ ಮುಂದೆ ನಿಲ್ಲುತ್ತದೆ. ಈ ಸಲ ಕಾಫಿ ನೀನು ಮಾಡಿಟ್ಟಿರು.

ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುವುದನ್ನು ತಪ್ಪಿಸಬೇಡ. ಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಗಿರಿಜಾಂಬಾ

ಇನ್ನೊಂದು ಮಾತು: ಆವತ್ತಿನ ವಾಂತಿ ಕಾರಿನಿಂದ ಆದದ್ದಲ್ಲ. ಆಗ ನನಗೆ ಎರಡು ತಿಂಗಳು, ನನಗೇ ಗೊತ್ತಿರಲಿಲ್ಲ. ಗೊತ್ತಾಗಿ, ಇವರಿಗೆ ಹೇಳಬೇಕೆಂದುಕೊಂಡ ದಿನವೇ ಗರ್ಭ ಹೋಯಿತು. ನೀವಿಬ್ಬರೂ ಅಂದು ಎರಡನೆಯ ಸಂಚಿಕೆಗೆಂದು ನಂದಿಬೆಟ್ಟಕ್ಕೆ ಹೋಗಿದ್ದಿರಿ. ಸಂಜೆ ನೀನು ಬಾಗಿಲಲ್ಲೇ ನಗುತ್ತಾ ನಿಂತು, ‘ಒಂದು ಹನೀನೂ ಚೆಲ್ಲಿಲ್ಲ ಕಣೇ’ ಅಂದೆ. ನಾನು ಲೋಟ ಇಸಿದುಕೊಂಡು ತೊಳೆದಿಟ್ಟೆ.